9 ಮಿಮೀ ಎರಕದ ಗುಂಡಿಗೆ ಎಕ್ಸ್‌ಪ್ಯಾಂಡರ್ ಪ್ಲಗ್: ಲೇತಿನಲ್ಲಿ ನಾವೇ ಮಾಡಿಕೊಳ್ಳಬಹುದಾ?

ಮಿಶಿಗನ್ ಮಂಜು

ಎಲ್ಲರಿಗೂ ನಮಸ್ಕಾರ. 9 ಮಿಮೀ ಪಿಸ್ತೂಲಿಗೆ ಗ್ಯಾರೇಜಿನಲ್ಲಿ ನಾನೇ ತೋಟಾ ರೀಲೋಡ್ ಮಾಡಿಕೊಳ್ಳುತ್ತೇನೆ, ಅಂದರೆ ಹೊಡೆದ ಹಿತ್ತಾಳೆ ಕೇಸಿಗೆ ಮತ್ತೆ ಮದ್ದು, ಗುಂಡು ತುಂಬುತ್ತೇನೆ. ತಾಮ್ರದ ಜಾಕೆಟ್ ಇರುವ ಗುಂಡು ಹಾಕುತ್ತಿದ್ದಾಗ ಯಾವ ತಕರಾರೂ ಇರಲಿಲ್ಲ. ಈಗ ಸೀಸ ಕರಗಿಸಿ ಎರಕ ಹೊಯ್ದ ಗುಂಡಿಗೆ ಬಂದಿದ್ದೇನೆ. 125 ಗ್ರೇನ್ ಗುಂಡು, ಸೈಜರ್‌ನಲ್ಲಿ ಒತ್ತಿ 0.357 ಇಂಚಿಗೆ ತಂದದ್ದು. ಬ್ಯಾರೆಲ್ ಒಳಗೆ ಮೆತ್ತನೆ ಸೀಸದ ತುಂಡು ತಟ್ಟಿ ಅಳೆದರೆ ಗುಂಡನ್ನು ಸುತ್ತಿಸಲು ಒಳಗೆ ಕೊರೆದ ತೋಡಿನ ವ್ಯಾಸ 0.3555 ಬಂತು. ಅಂದರೆ ಗುಂಡು ಒಂದೂವರೆ ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ದಪ್ಪ ಇದೆ. ಪುಸ್ತಕದಲ್ಲಿ ಹೇಳುವ ಪ್ರಕಾರ ಎಲ್ಲ ಸರಿ ಇರಬೇಕು.

ಆದರೆ ಇಲ್ಲ. ಟಾರ್ಗೆಟ್ ಕಾಗದದಲ್ಲಿ ಕೆಲವು ತೂತು ದುಂಡಗಿಲ್ಲ, ಗುಂಡು ಅಡ್ಡ ಹಾಯ್ದ ಹಾಗೆ ಉದ್ದಕ್ಕೆ ಸೀಳಿವೆ. ಬ್ಯಾರೆಲ್ ಒಳಗೆ, ಚೇಂಬರ್ (ತೋಟಾ ಕೂರುವ ಜಾಗ) ದಾಟಿದ ಕೂಡಲೇ, ಸೀಸ ಮೆತ್ತಿಕೊಳ್ಳುತ್ತದೆ. ಹಿತ್ತಾಳೆ ಬ್ರಶ್ಶಿಗೆ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಒಂದು ತೋಟಾದಿಂದ ಗುಂಡನ್ನು ವಾಪಸ್ ಕಿತ್ತು ಅಳೆದೆ. ಮೂಗಿನ ಕಡೆ 0.357 ಇದೆ. ಬುಡದಲ್ಲಿ 0.354! ಕೂರಿಸುವ ಮುಂಚೆ ಅದೇ ಗುಂಡು ಬುಡದಲ್ಲೂ 0.357 ಇತ್ತು. ರೀಲೋಡ್ ಪ್ರೆಸ್ಸಿಗೆ ಹಾಕುವ ಡೈ ಸೆಟ್ಟಿನ ಜೊತೆ ಬಂದ, ಕೇಸನ್ನು ಒಳಗಿನಿಂದ ಹಿಗ್ಗಿಸುವ ಎಕ್ಸ್‌ಪ್ಯಾಂಡರ್ ಅಳೆದರೆ 0.3535, ಉದ್ದವೂ ಗಿಡ್ಡ. ನನ್ನ ಹತ್ತಿರ ಒಂದು ಪುಟ್ಟ ಬೆಂಚ್ ಲೇತ್ ಇದೆ. ದಪ್ಪ ಪ್ಲಗ್ ಒಂದನ್ನು ತಿರುಗಿಸಿಕೊಂಡರೆ ಸರಿಹೋಗುತ್ತದಾ? ಅಳತೆ ಎಷ್ಟಿಡಬೇಕು?

ಅರಿಜೋನಾ ಬಿಸಿಲು

ಮಂಜು, ಗುಂಡು ಕಿತ್ತು ಅಳೆದಿರಲ್ಲ, ಅಲ್ಲೇ ಅರ್ಧ ಕೆಲಸ ಮುಗಿಯಿತು. ಬಹಳ ಜನ ಅದನ್ನು ಮಾಡುವುದೇ ಇಲ್ಲ. ಮದ್ದು ಬದಲಾಯಿಸುತ್ತಾರೆ, ಗುಂಡಿಗೆ ಹಚ್ಚುವ ಮೇಣ ಬದಲಾಯಿಸುತ್ತಾರೆ, ಕೊನೆಗೆ ಪಿಸ್ತೂಲನ್ನೇ ಮಾರುತ್ತಾರೆ.

ಆಗುತ್ತಿರುವುದು ಇಷ್ಟೇ. 9 ಮಿಮೀ ಕೇಸು ನೇರ ಕೊಳವೆ ಅಲ್ಲ, ಟೇಪರ್ ಇದೆ. ಹೊರಗಿನ ಅಳತೆ ಬುಡದಲ್ಲಿ 0.391, ಬಾಯಲ್ಲಿ 0.380. ಒಳಗೆ ಗೋಡೆಯೂ ಕೆಳಗೆ ಹೋದಂತೆ ದಪ್ಪ ಆಗುತ್ತದೆ. ಜಾಕೆಟ್ ಗುಂಡು 0.355, ಗಟ್ಟಿ ತಾಮ್ರ. ಅದು ಒಳಗೆ ಹೋಗುವಾಗ ಹಿತ್ತಾಳೆಯೇ ಜಾಗ ಬಿಡುತ್ತದೆ. ಎರಕದ ಗುಂಡು ದಪ್ಪವೂ ಹೌದು, ಮೆದುವೂ ಹೌದು. ಅಲ್ಲಿ ಹಿತ್ತಾಳೆ ಗೆಲ್ಲುತ್ತದೆ, ಸೀಸ ಸೋಲುತ್ತದೆ. ಬುಡ ಹಿಸುಕಿ 0.354 ಆದ ಮೇಲೆ ಅದು ನಿಮ್ಮ 0.3555 ಬ್ಯಾರೆಲ್ಲನ್ನು ಮುಚ್ಚುವುದಿಲ್ಲ. ಸಂದಿಯಲ್ಲಿ ಬಿಸಿ ಅನಿಲ ನುಗ್ಗಿ ಗುಂಡಿನ ಪಕ್ಕವನ್ನು ಕೊರೆಯುತ್ತದೆ. ಕೊರೆದ ಸೀಸ ಹೋಗಿ ಬ್ಯಾರೆಲ್ಲಿಗೆ ಹತ್ತುತ್ತದೆ. ತೋಡಿನ ಹಿಡಿತ ತಪ್ಪಿದ ಗುಂಡು ಸರಿಯಾಗಿ ಸುತ್ತದೆ ಲಾಗ ಹಾಕುತ್ತದೆ.

ಬಾಯಿ ಅಗಲಿಸುವುದು ಬೇರೆ, ಕೇಸಿನ ಒಳಗನ್ನು ಗುಂಡು ಕೂರುವ ಆಳದವರೆಗೆ ಹಿಗ್ಗಿಸುವುದು ಬೇರೆ. ಇವೆರಡನ್ನೂ ಒಂದೇ ಅಂದುಕೊಂಡೇ ಎಲ್ಲರೂ ಎಡವುವುದು. ಬಾಯಿಯನ್ನು ಕಹಳೆ ಥರ ಎಷ್ಟೇ ಅಗಲ ಮಾಡಿ, ಕಾಲಿಂಚು ಕೆಳಗೆ ಬಿಗಿಯಾಗಿದ್ದರೆ ಬುಡ ಹಿಸುಕಿಯೇ ಹಿಸುಕುತ್ತದೆ.

ಲೈಮನ್ ಕಂಪನಿಯ ಎಂ-ಡೈ ನೋಡಿ. ಅದರ ಪ್ಲಗ್ಗಿನಲ್ಲಿ ಎರಡು ಮೆಟ್ಟಿಲು. ಕೆಳಗಿನದು ಗುಂಡಿಗಿಂತ ಸ್ವಲ್ಪ ಸಣ್ಣ, ಉದ್ದ. ಮೇಲಿನದು ಗುಂಡಿಗಿಂತ ಕೂದಲೆಳೆ ದಪ್ಪ, ಗಿಡ್ಡ. ಗುಂಡನ್ನು ಬೆರಳಲ್ಲಿ ಇಟ್ಟರೆ ಆ ಮೇಲಿನ ಮೆಟ್ಟಿಲಿನ ಜಾಗದಲ್ಲಿ ನೆಟ್ಟಗೆ ನಿಲ್ಲುತ್ತದೆ. ಪ್ರೆಸ್ಸಿನಲ್ಲಿ ಒತ್ತುವಾಗ ವಾಲುವುದಿಲ್ಲ. ನೀವು ಮಾಡಬೇಕಾದದ್ದು ಅದೇ ನಮೂನೆ, ನಿಮ್ಮ ಗುಂಡಿನ ಅಳತೆಗೆ.

ಕ್ಲೀವ್‌ಲ್ಯಾಂಡ್ ಕಾಫಿ

ಮಾಡಿಕೊಳ್ಳುವುದೇಕೆ ಮಾರಾಯ್ರೇ, ಕೊಂಡರೆ ಆಯಿತಲ್ಲ. ಎನ್‌ಒಇ ಕಂಪನಿಯವರು ಇದೇ ಥರ ಎರಡು ಮೆಟ್ಟಿಲಿನ ಪ್ಲಗ್ ಮಾರುತ್ತಾರೆ. ಲೀ ಕಂಪನಿಯ ಯೂನಿವರ್ಸಲ್ ಎಕ್ಸ್‌ಪ್ಯಾಂಡಿಂಗ್ ಡೈ ಒಳಗೆ ಕೂರುತ್ತದೆ. ಅಳತೆ ನೋಡಿ ಆರಿಸಿಕೊಳ್ಳಬಹುದು. ಇನ್ನೊಂದು ಹಳೇ ಉಪಾಯ ಇದೆ. .38 ಎಸ್ ಆಂಡ್ ಡಬ್ಲ್ಯೂ ಅನ್ನೋ ಹಳೆಯ ರಿವಾಲ್ವರ್ ತೋಟಾದ ಗುಂಡು 0.361. ಆ ಡೈ ಸೆಟ್ಟಿನ ಪ್ಲಗ್ಗನ್ನು 9 ಮಿಮೀಗೆ ಹಾಕಿಕೊಂಡು ಖುಷಿಯಾಗಿರುವವರು ಬಹಳ ಜನ ಇದ್ದಾರೆ. ಒಂದು ಪ್ಲಗ್ಗಿಗೋಸ್ಕರ ಒಂದು ಭಾನುವಾರ ಪೂರ್ತಿ ಲೇತ್ ಮುಂದೆ ನಿಲ್ಲೋದು ಯಾರಿಗೆ ಬೇಕು?

ಮಿಶಿಗನ್ ಮಂಜು

ಲೇತ್ ಮುಂದೆ ನಿಲ್ಲೋದಕ್ಕೇ ಸರ್ ಲೇತ್ ತಗೊಂಡಿದ್ದು! ಆ ಪ್ಲಗ್ಗುಗಳು ಚೆನ್ನಾಗಿವೆ ಅಂತ ನಾನೂ ಕೇಳಿದ್ದೇನೆ. ಆದರೆ ನನ್ನ ಗುಂಡು ಎಷ್ಟು ಆಳಕ್ಕೆ ಕೂರುತ್ತದೋ ಅಷ್ಟೇ ಉದ್ದದ್ದು ಬೇಕು. ನಾಳೆ ಗುಂಡಿನ ಅಚ್ಚು ಬದಲಾದರೆ ಇನ್ನೊಂದು ಮಾಡಿಕೊಳ್ಳಲು ಬರಬೇಕು.

ಬಫಲೋ ಬಿಎಚ್‌ಎನ್

ಇಷ್ಟೆಲ್ಲ ಯಾಕೆ? ಗುಂಡು ಗಟ್ಟಿ ಮಾಡಿ. ಅಚ್ಚಿನಿಂದ ಬಿದ್ದ ಕೂಡಲೇ ತಣ್ಣೀರಿನ ಬಕೆಟ್ಟಿಗೆ ಬೀಳಿಸಿದರೆ ಗಟ್ಟಿಯಾಗುತ್ತದೆ. ಹಿತ್ತಾಳೆ ಹಿಸುಕೋಕೆ ಆಗಲ್ಲ.

ಅರಿಜೋನಾ ಬಿಸಿಲು

> ಗುಂಡು ಗಟ್ಟಿ ಮಾಡಿ

ಸ್ವಲ್ಪ ಮಟ್ಟಿಗೆ ನಿಜ, ಪೂರ್ತಿ ಅಲ್ಲ. ಗಟ್ಟಿತನ ಅಳೆಯುವ ಬ್ರಿನೆಲ್ ಅಂಕದಲ್ಲಿ ಶುದ್ಧ ಸೀಸ 5 ಬಿಎಚ್‌ಎನ್. ಕಾರಿನ ಚಕ್ರಕ್ಕೆ ಸಿಕ್ಕಿಸುವ ಹಳೆಯ ತೂಕದ ತುಂಡು ಸುಮಾರು 12. ಲೈಮನ್ ನಂಬರ್ 2 ಅನ್ನುವ ಮಿಶ್ರಣ 15, ಅದರಲ್ಲಿ 90 ಪಾಲು ಸೀಸ, 5 ತವರ, 5 ಆಂಟಿಮನಿ. ಹಳೇ ಅಚ್ಚುಮನೆಯ ಲೈನೋಟೈಪ್ ಲೋಹ 22. ಆಂಟಿಮನಿ ಇರುವ ಲೋಹವನ್ನು ನೀರಿಗೆ ಬಿಟ್ಟರೆ ಗಟ್ಟಿಯಾಗುವುದು ಹೌದು, ಅದೂ ಕೆಲವು ದಿನ ಕಳೆದ ಮೇಲೆ. ಆದರೆ 15ರ ಗುಂಡನ್ನೂ ದಪ್ಪ ಗೋಡೆಯ ಕೇಸು ಹಿಸುಕಿದ್ದನ್ನು ನಾನೇ ಕಿತ್ತು ನೋಡಿದ್ದೇನೆ. ಹೇಗೋ 22ಕ್ಕೆ ಹೋದಿರಿ ಅನ್ನಿ. ಆಗ ಕೇಸೇ ಉಬ್ಬುತ್ತದೆ, ಹೊರಗೆ ಗುಂಡಿನ ಬುಡದ ಗೆರೆ ಕಾಣುತ್ತದೆ, ಚೇಂಬರ್ ಒಳಗೆ ಹೋಗಲು ತಕರಾರು ಶುರು. ಹಿಸುಕುವ ಜಾಗ ಹಾಗೇ ಇಟ್ಟು ಗುಂಡನ್ನು ಮಾತ್ರ ಬದಲಾಯಿಸಿದರೆ ತೊಂದರೆ ಇನ್ನೊಂದು ಕಡೆ ಹೋಗಿ ಕೂರುತ್ತದೆ, ಅಷ್ಟೇ.

ಇನ್ನೊಂದು ಮಾತು. ಕರಗಿದ ಸೀಸದ ಪಕ್ಕ ನೀರಿನ ಬಕೆಟ್ ಇಡುವವರು ದೂರ ಇಡಿ. ಪಾತ್ರೆಯೊಳಗೆ ಒಂದು ಹನಿ ನೀರು ಸೇರಿದರೂ ಅದು ಕ್ಷಣದಲ್ಲಿ ಹಬೆಯಾಗಿ ಸೀಸವೆಲ್ಲ ಮುಖಕ್ಕೆ ಎರಚುತ್ತದೆ.

ಪೀಣ್ಯ ಲೇತ್

ನನಗೆ ತೋಟಾ ಗೊತ್ತಿಲ್ಲ, ಲೇತ್ ಗೊತ್ತು. ಬೆಂಗಳೂರಿನ ಪೀಣ್ಯದಲ್ಲಿ ಟೂಲ್ ರೂಮ್ ಕೆಲಸ. ಅರಿಜೋನಾದವರು ಅಳತೆ ಕೊಟ್ಟರೆ ತಿರುಗಿಸುವ ವಿಧಾನ ನಾನು ಬರೆಯುತ್ತೇನೆ. ಇಂಚಿನಲ್ಲೇ ಕೊಡಿ, ನಾನು ಮಿಮೀಗೆ ತಿರುಗಿಸಿಕೊಳ್ಳುತ್ತೇನೆ.

ಅರಿಜೋನಾ ಬಿಸಿಲು

ಬನ್ನಿ ಗುರುಗಳೇ, ನಿಮ್ಮಂಥವರೇ ಬೇಕಿತ್ತು.

ಮಂಜು, ಮೊದಲು ಆಳ ಲೆಕ್ಕ ಹಾಕಿ. ಕೇಸಿನ ಉದ್ದ, ಗುಂಡಿನ ಉದ್ದ ಎರಡನ್ನೂ ಕೂಡಿಸಿ, ಅದರಿಂದ ತಯಾರಾದ ತೋಟಾದ ಒಟ್ಟು ಉದ್ದ ಕಳೆಯಿರಿ. ನಿಮ್ಮ ಕೇಸು 0.750, ಗುಂಡು 0.610, ತೋಟಾ 1.100 ಅಂತಿಟ್ಟುಕೊಳ್ಳಿ. ಉಳಿಯುವುದು 0.260. ಗುಂಡಿನ ಬುಡ ಬಾಯಿಯಿಂದ ಅಷ್ಟು ಕೆಳಗೆ ಇರುತ್ತದೆ. ಪ್ಲಗ್ಗಿನ ದುಂಡು ಭಾಗ ಕೇಸಿನೊಳಗೆ ಅದಕ್ಕಿಂತ ಸ್ವಲ್ಪ ಜಾಸ್ತಿ, 0.280 ಹೋದರೆ ಸಾಕು. ಇನ್ನೂ ಉದ್ದ ಮಾಡಿದರೆ ಕೆಳಗಿನ ದಪ್ಪ ಗೋಡೆಗೆ ತಾಗಿ ಕೇಸು ಉಬ್ಬುತ್ತದೆ, ಪ್ಲಗ್ ಸಿಕ್ಕಿಕೊಳ್ಳುತ್ತದೆ.

ಈಗ ವ್ಯಾಸ. ಹಿತ್ತಾಳೆ ಹಿಗ್ಗಿದ ಮೇಲೆ ಒಂದು ಥೌ ಹತ್ತಿರ ವಾಪಸ್ ಕುಗ್ಗುತ್ತದೆ. ಬಹಳ ಸಲ ಹೊಡೆದ ಕೇಸು ಇನ್ನೂ ಸ್ವಲ್ಪ ಜಾಸ್ತಿ ಕುಗ್ಗುತ್ತದೆ. ಗುಂಡಿನ ಮೇಲೆ ಎರಡು ಎರಡೂವರೆ ಥೌ ಬಿಗಿ ಇದ್ದರೆ ಸಾಕು. ಗುಂಡು 0.357 ಅಂದರೆ ಪ್ಲಗ್ಗಿನ ಉದ್ದನೆಯ ಭಾಗ 0.3555. ಕುಗ್ಗಿದ ಮೇಲೆ ಕೇಸಿನ ಒಳಗೆ 0.3545 ಉಳಿಯುತ್ತದೆ. ಮೇಲಿನ ಮೆಟ್ಟಿಲು 0.359, ಅದರ ಉದ್ದ 0.040. ಅದಾದ ಮೇಲೆ ಬಾಯಿ ಅಗಲಿಸುವ ಇಳಿಜಾರು. ತುದಿಯಲ್ಲಿ 0.345ರಿಂದ ಶುರುವಾಗುವ ಮೂಗು.

0.358 ಗುಂಡಿಗೆ ಹೋಗೋಣ ಅಂತ ಆಮೇಲೆ ಅನಿಸಿದರೆ ಒಂದು ಕೂಡಿಕೆ ಮಾಡಿ ನೋಡಿ. ಬಾಯಲ್ಲಿ ಗೋಡೆ 0.011 ಇದ್ದರೆ ಎರಡು ಕಡೆ ಸೇರಿ 0.022. 0.358ಕ್ಕೆ ಕೂಡಿದರೆ 0.380. ತೋಟಾಕ್ಕೆ ಇರುವ ಗರಿಷ್ಠ ಅಳತೆಯೇ ಅದು. ಗೋಡೆ ಇನ್ನರ್ಧ ಥೌ ದಪ್ಪ ಇರುವ ಕೇಸು ಬಂತೋ, ಮಿತಿ ದಾಟಿತು. ಬ್ಯಾರೆಲ್ ಬಿಚ್ಚಿ, ತೋಟಾವನ್ನು ಸುಮ್ನೆ ಚೇಂಬರ್ ಒಳಗೆ ಬಿಡಿ. ಟಪ್ ಅಂತ ಬೀಳಬೇಕು, ತಿರುಗಿಸಿ ಹಿಡಿದರೆ ತಾನಾಗಿ ಹೊರಬರಬೇಕು.

ಪೀಣ್ಯ ಲೇತ್

ಸರಿ. 0.3555 ಅಂದರೆ 9.03 ಮಿಮೀ. 0.359 ಅಂದರೆ 9.12. ಅರ್ಧ ಥೌ ಅಂದರೆ 13 ಮೈಕ್ರಾನ್ ಹತ್ತಿರ. ಇದೇನು ದೊಡ್ಡ ಕೆಲಸ ಅಲ್ಲ. ಹಾಗಂತ ವರ್ನಿಯರ್ ಹಿಡಿದುಕೊಂಡು ಮಾಡುವ ಕೆಲಸವೂ ಅಲ್ಲ, ಮೈಕ್ರೋಮೀಟರ್ ಬೇಕೇ ಬೇಕು.

ಲೋಹ: ನಾವು ಓಎಚ್‌ಎನ್‌ಎಸ್ ಅನ್ನುತ್ತೇವೆ, ಅಮೆರಿಕದಲ್ಲಿ ಓ-1 ಡ್ರಿಲ್ ರಾಡ್ ಅಂತ ಸಿಗುತ್ತದೆ. ಅರ್ಧ ಇಂಚಿನ ರಾಡ್ ತಗೊಳ್ಳಿ. ಗಟ್ಟಿ ಮಾಡದೆ ಬರುವ ರಾಡ್ ಇದು, ಚೆನ್ನಾಗಿ ಕತ್ತರಿಸುತ್ತದೆ. ಸೀಸ ಸೇರಿಸಿದ 12ಎಲ್14 ಇನ್ನೂ ಸಲೀಸು, ಬೆಣ್ಣೆಯಂಥ ಫಿನಿಶ್ ಬರುತ್ತದೆ. ಆದರೆ ತುಕ್ಕು ಬೇಗ ಹಿಡಿಯುತ್ತದೆ.

ಮುಖ್ಯ ವಿಷಯ ಇದು: ಮೂಗು, ಉದ್ದನೆಯ ಭಾಗ, ಮೆಟ್ಟಿಲು, ಇಳಿಜಾರು, ನಾಲ್ಕನ್ನೂ ಒಂದೇ ಹಿಡಿತದಲ್ಲಿ ಮುಗಿಸಿ. ಚಕ್‌ನಿಂದ ಬಿಚ್ಚಿ ತಿರುಗಿಸಿ ಮತ್ತೆ ಕಟ್ಟಿದರೆ ಮೂರು ದವಡೆಯ ಚಕ್ ಎರಡು ಮೂರು ಥೌ ಓಲಾಡುತ್ತದೆ, ಮೆಟ್ಟಿಲು ಒಂದು ಕಡೆ, ಮೂಗು ಒಂದು ಕಡೆ ಆಗುತ್ತದೆ. ಒಂದೇ ಹಿಡಿತದಲ್ಲಿ ಮಾಡಿದರೆ ಚಕ್ ಎಷ್ಟೇ ಓಲಾಡಲಿ, ನಾಲ್ಕೂ ಒಂದೇ ಅಕ್ಷದ ಮೇಲೆ ಇರುತ್ತವೆ. ರಾಡನ್ನು ಸುತ್ತಲೂ ಸಮನಾಗಿ ಹಿಡಿಯುವ ಕಾಲೆಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಚಿಂತೆ ಇಲ್ಲ.

ಬಿಟ್ಟು, ಅಂದರೆ ಲೋಹ ಕತ್ತರಿಸುವ ಮೊನೆ: ಹೈ ಸ್ಪೀಡ್ ಸ್ಟೀಲಿನದು, ಎಚ್‌ಎಸ್‌ಎಸ್. ಎಣ್ಣೆ ಕಲ್ಲಿನ ಮೇಲೆ ಚೆನ್ನಾಗಿ ಉಜ್ಜಿ ಅಂಚು ಚೂಪು ಮಾಡಿದ್ದು. ಕಾರ್ಬೈಡ್ ಇನ್ಸರ್ಟ್ ಕೊನೆಯ ಕಟ್ಟಿಗೆ ಬೇಡ. ಒಂದೆರಡು ಮೈಕ್ರಾನ್ ತೆಗೆಯಲು ಹೋದರೆ ಅದು ಕತ್ತರಿಸುವುದಿಲ್ಲ, ಬರೀ ಉಜ್ಜುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಕಚ್ಚಿ ಜಾಸ್ತಿ ತೆಗೆದುಬಿಡುತ್ತದೆ. ವೇಗ 700 ಸುತ್ತಿನ ಹತ್ತಿರ ಇಡಿ.

ಪುಟ್ಟ ಲೇತಿನ ಡಯಲ್ಲಿನಲ್ಲಿ ಅರ್ಧ ಥೌ ನಂಬುವುದು ಕಷ್ಟ. ಅದಕ್ಕೆ ಕಾಂಪೌಂಡ್ ಸ್ಲೈಡನ್ನು (ಬಿಟ್ಟು ಹೊತ್ತ, ಬೇಕಾದ ಕೋನಕ್ಕೆ ತಿರುಗುವ ಮೇಲಿನ ಸ್ಲೈಡು) ಲೇತಿನ ಉದ್ದದ ಅಕ್ಷಕ್ಕೆ 5.7 ಡಿಗ್ರಿ ಕೋನದಲ್ಲಿ ಕೂರಿಸಿ. ಆ ಕೋನದ ಸೈನ್ 0.1. ಕಾಂಪೌಂಡ್ ಒಂದು ಥೌ ಸರಿದರೆ ಬಿಟ್ಟು ಒಳಗೆ ಹೋಗುವುದು ಅದರ ಹತ್ತನೇ ಒಂದು ಭಾಗ. ವ್ಯಾಸದಲ್ಲಿ ಅದರ ಎರಡರಷ್ಟು ಇಳಿಯುತ್ತದೆ ಅನ್ನುವುದು ನೆನಪಿರಲಿ. ಬ್ಯಾಕ್‌ಲ್ಯಾಶ್ (ಸ್ಕ್ರೂವಿನ ಸಡಿಲ) ಇರುತ್ತದಲ್ಲ, ಯಾವಾಗಲೂ ಒಂದೇ ದಿಕ್ಕಿನಿಂದ ಬನ್ನಿ. ಬಿಟ್ಟು ಉದ್ದಕ್ಕೂ ಸ್ವಲ್ಪ ಸರಿಯುತ್ತದೆ, ಮೆಟ್ಟಿಲಿನ ಜಾಗ ಗುರುತಿಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಅಳತೆಗೆ ಒಂದು ಥೌ ಇನ್ನೂ ಇದೆ ಅನ್ನುವಾಗ ಬಿಟ್ಟು ನಿಲ್ಲಿಸಿ. ಬಿಸಿ ಆರಲು ಬಿಡಿ. 30 ಡಿಗ್ರಿ ಬಿಸಿ ಜಾಸ್ತಿ ಇದ್ದರೆ ಈ ವ್ಯಾಸದ ಉಕ್ಕು 3 ಮೈಕ್ರಾನ್ ಹಿಗ್ಗಿರುತ್ತದೆ. ಆಮೇಲೆ ಎಮ್ರಿ ಪೇಪರ್, 320, 600, 1000, ಎಣ್ಣೆ ಹಚ್ಚಿ. ಪೇಪರನ್ನು ಬೆರಳಿಗೆ ಸುತ್ತಿಕೊಂಡು ತಿರುಗುವ ರಾಡಿಗೆ ಹಿಡಿಯಬೇಡಿ. ಪೇಪರ್ ಸುತ್ತಿಕೊಂಡರೆ ಬೆರಳೂ ಜೊತೆಗೆ ಹೋಗುತ್ತದೆ. ಚಪ್ಪಟೆ ಅರದ ಮೇಲೆ ಪೇಪರ್ ಇಟ್ಟು ಒತ್ತಿ. ಕೊನೆಗೆ ಮೆಟಲ್ ಪಾಲಿಶ್. ಕನ್ನಡಿ ಥರ ಹೊಳೆಯಬೇಕು.

ಉದ್ದನೆಯ ಭಾಗದಿಂದ ಮೆಟ್ಟಿಲಿಗೆ ಏರುವ ಜಾಗದಲ್ಲಿ ಚೂಪು ಅಂಚು ಬಿಡಬೇಡಿ. ಸಣ್ಣ ಇಳಿಜಾರು ಕೊಡಿ. ಚೂಪು ಇದ್ದರೆ ಹಿತ್ತಾಳೆ ಹಿಗ್ಗುವ ಬದಲು ಕೆರೆದು ಬರುತ್ತದೆ.

ಬಫಲೋ ಬಿಎಚ್‌ಎನ್

ಮೇಷ್ಟ್ರೇ, ಇದನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಹಾಕಿ ಗಟ್ಟಿ ಮಾಡಬೇಡವೇ? ಓ-1 ಇರೋದೇ ಅದಕ್ಕಲ್ವಾ?

ಪೀಣ್ಯ ಲೇತ್

ನಿಮಗೆ ಎಲ್ಲದನ್ನೂ ಗಟ್ಟಿ ಮಾಡುವ ಆಸೆ! ಮಾಡಬಹುದು. 800 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿ ಎಣ್ಣೆಗೆ, ಆಮೇಲೆ 200ರ ಆಸುಪಾಸಿನಲ್ಲಿ ಟೆಂಪರ್. ಆದರೆ ಗಟ್ಟಿಯಾಗುವಾಗ ಅಳತೆ ಸ್ವಲ್ಪ ಬದಲಾಗುತ್ತದೆ, ಮೇಲೆ ಕಪ್ಪು ಪೊರೆ ಬರುತ್ತದೆ. ಮತ್ತೆ ಅಳತೆಗೆ ತರಲು ಗ್ರೈಂಡಿಂಗ್ ಬೇಕು. ಹಿತ್ತಾಳೆಯ ಮುಂದೆ ಈ ಉಕ್ಕು ಹಾಗೇ ಗಟ್ಟಿ ಇದೆ. ಸಾವಿರಾರು ಕೇಸು ದಾಟಿದರೂ ಸವೆಯುವುದು ಗೊತ್ತಾಗುವುದಿಲ್ಲ. ಕೇಸಿನ ಬಾಯಲ್ಲಿ ಮಣ್ಣು ಮರಳು ಇಲ್ಲದೆ ನೋಡಿಕೊಂಡರೆ ಸಾಕು. ನನ್ನ ಮಟ್ಟಿಗೆ ಗಟ್ಟಿ ಮಾಡುವುದು ದಂಡ.

ಕ್ಲೀವ್‌ಲ್ಯಾಂಡ್ ಕಾಫಿ

ಡೈ ಬಾಡಿ ಯಾವುದು? ಪ್ರೆಸ್ಸಿಗೆ ಕೂರಬೇಕಲ್ಲ.

ಅರಿಜೋನಾ ಬಿಸಿಲು

ಪ್ರೆಸ್ಸಿನ ಮರೆ (ಸ್ಕ್ರೂವಿನ ಸುತ್ತು) 7/8-14, ಅಂದರೆ 7/8 ಇಂಚು ವ್ಯಾಸ, ಇಂಚಿಗೆ 14 ಸುತ್ತು. ಅದೇ ಮರೆಯ ಬೋಲ್ಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ತಲೆ ಕತ್ತರಿಸಿ, ನಡುವೆ ತೂತು ಕೊರೆದರೆ ಅದೇ ಡೈ ಬಾಡಿ. ಇಲ್ಲದಿದ್ದರೆ ಕಾಫಿ ಸರ್ ಹೇಳಿದ ಲೀ ಯೂನಿವರ್ಸಲ್ ಡೈ ತಗೊಂಡು ಅದರ ಒಳಗಿನ ಪ್ಲಗ್ ನೋಡಿ ಅದೇ ಆಕಾರದ ಬಾಲ ತಿರುಗಿಸಿಕೊಳ್ಳಿ. ಆ ಡೈ ಜೊತೆ ಬರುವ ಪ್ಲಗ್ ಬಾಯಿ ಮಾತ್ರ ಅಗಲಿಸುತ್ತದೆ, ಅದನ್ನು ತೆಗೆದು ಪಕ್ಕಕ್ಕಿಡಿ. ಪ್ಲಗ್ ಬಾಡಿಯೊಳಗೆ ಒಂಚೂರು ಅಲ್ಲಾಡುವಂತಿರಲಿ. ತೀರಾ ಬಿಗಿ ಹಿಡಿದರೆ ಕೇಸು ಎಲ್ಲಿ ನಿಂತಿದೆಯೋ ಅಲ್ಲಿಗೆ ಪ್ಲಗ್ ಬರುವುದಿಲ್ಲ, ಹಿತ್ತಾಳೆಯೇ ಒಂದು ಕಡೆ ವಾಲುತ್ತದೆ.

ಕುಶಾಲನಗರ ಕಾಡು

ಓದುತ್ತಾ ಕೂತಿದ್ದೆ, ಮಜವಾಗಿದೆ. ನಮ್ಮ ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ವಿನಾಯಿತಿ ಇದೆ. ಇಲ್ಲೂ ಹೀಗೆ ಮನೆಯಲ್ಲೇ ತೋಟಾ ತುಂಬಿಕೊಳ್ಳಬಹುದಲ್ಲ?

ಅರಿಜೋನಾ ಬಿಸಿಲು

ಬೇಡ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಮದ್ದುಗುಂಡು ತಯಾರಿಸುವುದು ಬೇರೆ ಮಾತು. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಪರವಾನಗಿ ಇಲ್ಲದೆ ಕೈ ಹಾಕಿದರೆ ದೊಡ್ಡ ಕೇಸು.

ಇಲ್ಲಿ ಅಮೆರಿಕದಲ್ಲಿ ಸ್ವಂತಕ್ಕೆ ರೀಲೋಡ್ ಮಾಡಿಕೊಳ್ಳಲು ಕೇಂದ್ರದ ಲೈಸೆನ್ಸ್ ಬೇಡ, ಮಾಡಿ ಮಾರುವ ದಂಧೆಗೆ ಬೇಕು. ನಮ್ಮ ಹುಡುಗರಿಗೆ ಇನ್ನೊಂದು ಮಾತು ಹೇಳಲೇಬೇಕು. ಎಚ್‌1ಬಿ ವೀಸಾದಲ್ಲಿ ಇರುವವರು ಬಂದೂಕು ಮಾತ್ರ ಅಲ್ಲ, ಒಂದು ತೋಟಾ ಇಟ್ಟುಕೊಳ್ಳುವುದಕ್ಕೂ ಸಾಮಾನ್ಯವಾಗಿ ನಿಷೇಧ ಇದೆ. ಊರ್ಜಿತದಲ್ಲಿರುವ ಬೇಟೆ ಲೈಸೆನ್ಸ್ ಥರದ ಕೆಲವೇ ವಿನಾಯಿತಿ. ಗ್ರೀನ್ ಕಾರ್ಡ್ ಬಂದ ಮೇಲೆ ಆ ತಡೆ ಇಲ್ಲ. ಗೆಳೆಯನ ಜೊತೆ ರೇಂಜಿಗೆ ಹೋಗಿ, ಉಳಿದ ತೋಟಾ ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ಬರುವವರು ಇದನ್ನು ಓದಿಕೊಳ್ಳಿ. ವಕೀಲರನ್ನು ಕೇಳಿ, ನನ್ನ ಮಾತೇ ಕೊನೆ ಅಂತ ಇಟ್ಟುಕೊಳ್ಳಬೇಡಿ.

ಕುಶಾಲನಗರ ಕಾಡು

ಅರ್ಥವಾಯಿತು. ನಾನು ಅಂಗಡಿ ತೋಟಾದಲ್ಲೇ ಇರುತ್ತೇನೆ. ಕೈಲ್ ಪೊಳ್ದಿಗೆ, ನಮ್ಮ ಆಯುಧ ಪೂಜೆಯ ಹಬ್ಬಕ್ಕೆ, ಕೋವಿ ಒರೆಸಿ ಹೂವು ಇಟ್ಟರೆ ನಮಗೆ ಸಾಕು.

ಮಿಶಿಗನ್ ಮಂಜು

ಒಂದು ಪ್ಲಗ್ ಆಯಿತು. ಓ-1 ರಾಡ್, ಗಟ್ಟಿ ಮಾಡಿಲ್ಲ. ಉದ್ದನೆಯ ಭಾಗ 0.3556 ಬಂತು, ಮೆಟ್ಟಿಲು 0.3592. ಕಾಂಪೌಂಡ್ ಓರೆ ಮಾಡುವ ಉಪಾಯ ಅದ್ಭುತ ಮೇಷ್ಟ್ರೇ. ಕೈ ಒಂದಿಷ್ಟು ತಿರುಗಿಸಿದರೂ ಬಿಟ್ಟು ಸರಿದದ್ದೇ ಗೊತ್ತಾಗಲ್ಲ, ಆದರೆ ಮೈಕ್ರೋಮೀಟರ್ ಹೇಳುತ್ತದೆ.

ಆದರೆ ಪ್ರೆಸ್ಸಿನಲ್ಲಿ ಕೇಸು ಮೇಲೆ ಹೋಗುತ್ತದೆ, ವಾಪಸ್ ಬರುವಾಗ ಕಿರ್ರ್ ಅಂತ ಹಿಡಿದುಕೊಳ್ಳುತ್ತದೆ. ಹ್ಯಾಂಡಲ್ ಮೇಲೆ ಭಾರ ಹಾಕಬೇಕು. ಪ್ಲಗ್ಗಿನ ಮೇಲೆ ಹಳದಿ ಗೆರೆಗಳು.

ಅರಿಜೋನಾ ಬಿಸಿಲು

ಕೇಸು ಹೇಗೆ ತೊಳೆಯುತ್ತೀರಿ? ಸ್ಟೀಲ್ ಪಿನ್ನು, ನೀರು, ಸೋಪು ಹಾಕಿ ತಿರುಗಿಸುವ ಡ್ರಮ್ಮಾ?

ಮಿಶಿಗನ್ ಮಂಜು

ಹೌದು. ಒಳಗೂ ಹೊರಗೂ ಫಳಫಳ.

ಅರಿಜೋನಾ ಬಿಸಿಲು

ಅದೇ ತಕರಾರು. ಅಷ್ಟು ಚೊಕ್ಕ ಮಾಡಿದರೆ ಒಳಗಿನ ಮಸಿಯೂ ಹೋಗುತ್ತದೆ. ಆ ಮಸಿಯೇ ಜಾರಿಸುವ ಕೆಲಸ ಮಾಡುತ್ತಿತ್ತು. ಬರಿ ಹಿತ್ತಾಳೆ ಬರಿ ಉಕ್ಕಿಗೆ ತಿಕ್ಕಿದರೆ ಮೆತ್ತಿಕೊಳ್ಳುತ್ತದೆ. ಬಳೆ ತೊಡಿಸುವವರು ಕೈಗೆ ಸೋಪು ಹಚ್ಚುತ್ತಾರಲ್ಲ, ಹಾಗೆ ಒಂಚೂರು ಜಾರಿಕೆ ಬೇಕು. ಅಭ್ರಕದ ಪುಡಿಯಲ್ಲಿ ಬಾಯಿ ಅದ್ದಿ ತೆಗೆಯಿರಿ. ಅಥವಾ ಕೇಸಿಗೆ ಹಾಕುವ ಒಣ ಸ್ಪ್ರೇ ಒಂದು ಸುತ್ತು. ಎಣ್ಣೆ ಮಾತ್ರ ಬೇಡ, ಒಳಗೆ ಉಳಿದರೆ ಮದ್ದು ಹಾಳು, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಹಾಳು. ಪ್ಲಗ್ಗಿನ ಹಳದಿ ಗೆರೆ 1000ದ ಪೇಪರಿನಲ್ಲಿ ತೆಗೆದು ಮತ್ತೆ ಪಾಲಿಶ್ ಮಾಡಿ. ಲೇತಿನಲ್ಲೇ ಕಟ್ಟಿಕೊಳ್ಳಿ, ಉದ್ದುದ್ದಕ್ಕೆ ಗೀರು ಉಳಿಯದಂತೆ ನೋಡಿಕೊಳ್ಳಿ.

ಕ್ಲೀವ್‌ಲ್ಯಾಂಡ್ ಕಾಫಿ

ಇನ್ನೊಂದು ಕಡೆ ಕಣ್ಣಿಡಿ ಮಂಜು. ಕೊನೆಗೆ ಕ್ರಿಂಪ್, ಅಂದರೆ ಕೇಸಿನ ಬಾಯನ್ನು ಗುಂಡಿಗೆ ಒತ್ತುವುದು, ಯಾವುದರಲ್ಲಿ? ಕೆಲವು ಕ್ರಿಂಪ್ ಡೈಗಳ ಒಳಗೆ ಕಾರ್ಬೈಡ್ ಉಂಗುರ ಇರುತ್ತದೆ. ತಯಾರಾದ ತೋಟಾವನ್ನು ಅದು ಮತ್ತೊಮ್ಮೆ ಹಿಂಡುತ್ತದೆ. ಜಾಕೆಟ್ ಗುಂಡಿಗೆ ಅಡ್ಡಿ ಇಲ್ಲ. ಎರಕದ ದಪ್ಪ ಗುಂಡಾದರೆ ಇಷ್ಟು ಹೊತ್ತು ಪ್ಲಗ್ ಮಾಡಿದ ಕೆಲಸವನ್ನೆಲ್ಲ ಅದು ಹಾಳು ಮಾಡುತ್ತದೆ. ಬರೀ ಟೇಪರ್ ಕ್ರಿಂಪ್ ಸಾಕು, ಅದೂ ಅಗಲಿಸಿದ ಬಾಯನ್ನು ನೆಟ್ಟಗೆ ಮಾಡುವಷ್ಟು ಮಾತ್ರ.

ಮಿಶಿಗನ್ ಮಂಜು

ಉಂಗುರದ್ದೇ ಇದೆ ಸರ್. ಬಿಚ್ಚಿ ಇಡುತ್ತೇನೆ, ಟೇಪರ್ ಕ್ರಿಂಪ್ ಡೈ ತರಿಸುತ್ತೇನೆ.

ಶಾರ್ಲಟ್ ಶೆಟ್ಟಿ

ಬೇರೆ ಪ್ರಶ್ನೆ. ನನ್ನದು ಗ್ಲಾಕ್. ಇದೇ ಪ್ಲಗ್ ಮಾಡಿಕೊಂಡು ಎರಕದ ಗುಂಡು ಹೊಡೆಯಬಹುದಾ?

ಅರಿಜೋನಾ ಬಿಸಿಲು

ಶೆಟ್ರೇ, ಕಂಪನಿಯವರೇ ತಮ್ಮ ಬ್ಯಾರೆಲ್ಲಿಗೆ ಬರಿ ಸೀಸದ ಗುಂಡು ಬೇಡ ಅಂತ ಹೇಳುತ್ತಾರೆ. ಒಳಗಿನ ತೋಡು ಪಾಲಿಗೋನಲ್, ಅಂದರೆ ಚೂಪು ಅಂಚಿಲ್ಲದ ಬಹುಭುಜದ ಆಕಾರ. ಬೇರೆಯವರು ಮಾಡುವ ಸಾಮಾನ್ಯ ತೋಡಿನ ಬ್ಯಾರೆಲ್ ಸಿಗುತ್ತದೆ, ಅದನ್ನು ಹಾಕಿಕೊಂಡು ಈ ದಾರಿಗೆ ಬನ್ನಿ.

ಶಾರ್ಲಟ್ ಶೆಟ್ಟಿ

ಸರಿ, ಬ್ಯಾರೆಲ್ ಖರ್ಚು ಮನೆಯಲ್ಲಿ ಪಾಸಾದ ಮೇಲೆ ಬರುತ್ತೇನೆ.

ಮಿಶಿಗನ್ ಮಂಜು

ಅಭ್ರಕ ಕೆಲಸ ಮಾಡಿತು, ಕಿರ್ರ್ ನಿಂತಿತು. ಮದ್ದು, ಪ್ರೈಮರ್ ಇಲ್ಲದ ಡಮ್ಮಿ ತೋಟಾ ಮಾಡಿ, ಗುಂಡು ಕಿತ್ತು ಅಳೆದೆ. ಬುಡದಲ್ಲಿ 0.357, ಕೆಲವದರಲ್ಲಿ 0.3568. ಚೇಂಬರಿಗೆ ಟಪ್ ಅಂತ ಬೀಳುತ್ತದೆ. ರೇಂಜಿನಲ್ಲಿ ತೂತುಗಳೆಲ್ಲ ದುಂಡಗಿವೆ. ಬ್ಯಾರೆಲ್ ಒಳಗೆ ಸ್ವಲ್ಪ ಬೂದು ಬಣ್ಣ ಬಿಟ್ಟರೆ ಸೀಸ ಇಲ್ಲ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಒಂದೇ ಒಂದು ವಿಷಯ. ರೇಂಜಿನ ನೆಲದಿಂದ ಹೆಕ್ಕಿದ ಕೇಸುಗಳಲ್ಲಿ ಕೆಲವು ಪ್ಲಗ್ ಇಳಿಯುವಾಗ ಅರ್ಧದಲ್ಲೇ ಗಟ್ಟಿ ನಿಲ್ಲುತ್ತವೆ. ಒಳಗೆ ಟಾರ್ಚ್ ಹಾಕಿದರೆ ಅಲ್ಲೊಂದು ಅಂಚು ಕಾಣುತ್ತದೆ.

ಅರಿಜೋನಾ ಬಿಸಿಲು

ಅವನ್ನು ಒತ್ತಾಯ ಮಾಡಬೇಡಿ, ಗುಜರಿಗೆ ಹಾಕಿ. ಒಳಗೆ ಮೆಟ್ಟಿಲು ಇರುವ 9 ಮಿಮೀ ಕೇಸುಗಳು ಕೆಲವು ಮಾರುಕಟ್ಟೆಯಲ್ಲಿವೆ. ಒಳಗೆ ಜಾಗ ಕಡಿಮೆ, ಅದೇ ಮದ್ದಿಗೆ ಒತ್ತಡ ಜಾಸ್ತಿ. ಪ್ಲಗ್ ನಿಮಗೆ ಅವನ್ನು ಹಿಡಿದುಕೊಟ್ಟಿತು ಅಂತ ತಿಳಿಯಿರಿ. ಮಿಕ್ಕವನ್ನು ಬುಡದ ಮುದ್ರೆ ನೋಡಿ ಬೇರೆ ಬೇರೆ ಡಬ್ಬಕ್ಕೆ ಹಾಕಿ. ಇನ್ನೊಂದು, ಗುಂಡು ಕೂರುವ ಆಳ ಬದಲಾಯಿಸಿದರೆ ಒತ್ತಡವೂ ಬದಲಾಗುತ್ತದೆ. ಒಟ್ಟು ಉದ್ದ, ಮದ್ದಿನ ತೂಕ ಎರಡನ್ನೂ ಎರಕದ ಗುಂಡಿಗೆಂದೇ ಅಚ್ಚಾದ ಲೋಡಿಂಗ್ ಪುಸ್ತಕದಿಂದ ತಗೊಳ್ಳಿ. ಈ ವೇದಿಕೆಯಲ್ಲಿ ಯಾರಾದರೂ ತೂಕ ಬರೆದರೆ ನಂಬಬೇಡಿ, ನಾನು ಬರೆದರೂ ಸಹ.

ಎರಕ ಹೊಯ್ದ ಮೇಲೆ, ಹೊಡೆದ ಮೇಲೆ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಆ ಬಟ್ಟೆ ಬೇರೆ ಒಗೆಯಿರಿ.

ಪೀಣ್ಯ ಗುರುಗಳೇ, ಈಗ ನನ್ನ ಸರದಿ. ನನ್ನ ಹತ್ತಿರ ಬಂಗಾಳದ ಇಷಾಪುರದಲ್ಲಿ ತಯಾರಾದ ಹಳೆಯ .303 ಲೀ ಎನ್‌ಫೀಲ್ಡ್ ಒಂದಿದೆ. ನಮ್ಮ ದೇಶದ ಕಾರ್ಖಾನೆಯ ಬಂದೂಕು ಅಂತ ಆಸೆಪಟ್ಟು ತಗೊಂಡಿದ್ದು. ಈ ಬಂದೂಕುಗಳ ತೋಡಿನ ಅಳತೆ ಒಂದೊಂದರದ್ದು ಒಂದೊಂದು ಥರ, 0.311ರಿಂದ 0.316ರವರೆಗೂ ಸಿಗುತ್ತದೆ. ನನ್ನದು 0.314. ಗುಂಡು 0.315 ಮಾಡಿದ್ದೇನೆ. ಅಂಗಡಿಯ ಡೈ ಎಲ್ಲ ಜಾಕೆಟ್ ಗುಂಡಿನ ಲೆಕ್ಕದ್ದು, ಕೇಸಿನ ಕತ್ತನ್ನು (ಗುಂಡು ಹಿಡಿಯುವ ಸಣ್ಣ ಭಾಗ) ಬಿಗಿ ಮಾಡಿಬಿಡುತ್ತದೆ. ಪ್ಲಗ್ 0.3135, ಮೆಟ್ಟಿಲು 0.317 ಅಂದುಕೊಂಡಿದ್ದೇನೆ. ಉದ್ದ ಕತ್ತಿನಷ್ಟು. ಸರಿ ಇದೆಯಾ?

ಕ್ಲೀವ್‌ಲ್ಯಾಂಡ್ ಕಾಫಿ

ಪ್ಲಗ್ಗಿಗೆ ಮೊದಲು ಚೇಂಬರ್ ನೋಡಿ. ಆ ಬಂದೂಕಿನಲ್ಲಿ ಹೊಡೆದ, ಡೈಗೆ ಹಾಕದ ಖಾಲಿ ಕೇಸು ತಗೊಂಡು 0.315 ಗುಂಡನ್ನು ಬೆರಳಲ್ಲಿ ಇಳಿಸಿ. ಸಲೀಸಾಗಿ ಜಾರಬೇಕು. ಜಾರದಿದ್ದರೆ ಕತ್ತು ಹಿಗ್ಗಿ ಗುಂಡು ಬಿಡಲು ಚೇಂಬರಿನಲ್ಲಿ ಜಾಗ ಇಲ್ಲ ಅಂತ ಅರ್ಥ. ಆಗ ಅಷ್ಟು ದಪ್ಪದ ಗುಂಡು ಅಪಾಯ.

ಅರಿಜೋನಾ ಬಿಸಿಲು

ನೋಡಿದ್ದೇನೆ ಕಾಫಿ ಸರ್, ಜಾರುತ್ತದೆ. ಮಿಲಿಟರಿ ಚೇಂಬರ್, ಧಾರಾಳವಾಗಿ ಕೊರೆದಿದ್ದಾರೆ.

ಪೀಣ್ಯ ಲೇತ್

0.3135 ಅಂದರೆ 7.963, 0.317 ಅಂದರೆ 8.052. ಬರೆದುಕೊಂಡೆ. ಇದು ಮೊದಲನೆಯದಕ್ಕಿಂತ ಸಣ್ಣ, ಉದ್ದ. ಬಿಟ್ಟಿನ ಒತ್ತಡಕ್ಕೆ ರಾಡ್ ಬಾಗುತ್ತದೆ, ತುದಿಯ ಕಡೆ ದಪ್ಪ ಉಳಿಯುತ್ತದೆ. ಸೆಂಟರ್ ಕೊಟ್ಟು, ಲೇತಿನ ಆ ತುದಿಯ ಆಧಾರವಾದ ಟೈಲ್ ಸ್ಟಾಕ್ ಹಿಡಿಸಿ. ಮೂಗಿನ ತುದಿಯಲ್ಲಿ ಸೆಂಟರ್ ತೂತು ಉಳಿದರೆ ಉಳಿಯಲಿ, ಕೇಸಿಗೆ ಏನೂ ತೊಂದರೆ ಇಲ್ಲ. ಎರಡೂ ತುದಿಯಲ್ಲಿ ಅಳೆದು ನೋಡಿ, ವ್ಯತ್ಯಾಸ 5 ಮೈಕ್ರಾನ್ ಒಳಗೆ ಇದ್ದರೆ ಎಮ್ರಿಗೆ ಹೋಗಿ. ಜಾಸ್ತಿ ಇದ್ದರೆ ಟೈಲ್ ಸ್ಟಾಕ್ ಸರಿಮಾಡಿಕೊಂಡು ಇನ್ನೊಂದು ಕಟ್ಟು ಹಾಕಿ. ನಿಮ್ಮದು ಯಾವ ಲೇತ್?

ಅರಿಜೋನಾ ಬಿಸಿಲು

ಹಳೇ ಸೌತ್ ಬೆಂಡ್. ಟೈಲ್ ಸ್ಟಾಕ್ ಸ್ಕ್ರೂ ಎರಡೂ ಕಡೆ ಇದೆ, ಸರಿಸಬಹುದು.

ಪೀಣ್ಯ ಲೇತ್

ಹಾಗಾದರೆ ಮೊದಲು ಒಂದು ಬೇಡದ ರಾಡಿನ ಮೇಲೆ ಕಟ್ಟು ಹಾಕಿ ಟೇಪರ್ ನೋಡಿ ಬರೆಯಿರಿ. ಯಾವ ಕಡೆ ಎಷ್ಟು ಸರಿಸಬೇಕು ಅಂತ ಅಳತೆ ನೋಡಿ ಹೇಳುತ್ತೇನೆ.